ಹಳೆ ಕಟ್ಟಡದಲ್ಲಿ ಹೊಸ ಮನೆ: ಬಾಡಿಗೆಗೆ ಹಿಡಿಯುವ ಮುಂಚೆ ಏನೇನು ನೋಡಬೇಕು?

ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಒಳಗೆ ಕಾಲಿಟ್ಟರೆ ಹೊಸ ಟೈಲ್ಸ್, ಬಿಳಿ ಗೋಡೆ, ಫಳಫಳ ಅನ್ನುವ ಅಡುಗೆಮನೆ, ಒಂದು ಬೆಡ್‌ರೂಮು. ಕಿಟಕಿ ತೆಗೆದರೆ ಕಲ್ಲುಹಾಸಿನ ಹಳೆಯ ಬೀದಿ. ಒಬ್ಬರಿಗೋ ಇಬ್ಬರಿಗೋ ಸಾಕಾಗುವಷ್ಟು ಜಾಗ. ಜಾಹೀರಾತಿನಲ್ಲಿ "ಪೂರ್ತಿ ನವೀಕರಿಸಿದ ಮನೆ" ಎಂದು ಬರೆದಿದೆ. ಇಂಥ ಮನೆ ಯಾರಿಗೆ ತಾನೇ ಬೇಡ?

ಆದರೆ ಈ ಮನೆಗೆ ವಯಸ್ಸು ಎರಡು. ಕಣ್ಣಿಗೆ ಕಾಣುವ ಭಾಗಕ್ಕೆ ಕೆಲವೇ ತಿಂಗಳು. ಗೋಡೆ, ತೊಲೆ, ಕೊಳವೆ, ಮೆಟ್ಟಿಲು, ಮಾಡು ಇವುಗಳಿಗೆ ಕಟ್ಟಡದಷ್ಟೇ ವಯಸ್ಸು. ಬಾಡಿಗೆ ನಿಗದಿಯಾಗುವುದು ಮೊದಲನೆಯದನ್ನು ನೋಡಿ, ಸಂಸಾರ ಮಾಡಬೇಕಾದದ್ದು ಎರಡನೆಯದರ ಜತೆ. ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಹೊಸದು ಹಳೆಯದಕ್ಕೆ ಅಂಟಿಕೊಂಡ ಜಾಗದಲ್ಲಿ. ಆ ಜಾಗಗಳನ್ನು ಗುರುತಿಸಲು ಎಂಜಿನಿಯರ್ ಆಗಬೇಕಿಲ್ಲ. ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಕೆಲಸ ಎಷ್ಟು ಆಳಕ್ಕೆ ಹೋಗಿದೆ?

ಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ, ಅಡುಗೆಮನೆಗೆ ಕಪಾಟು ಕೂರಿಸಿದರೂ ಅದು ನವೀಕರಣ. ವೈರಿಂಗ್ ಪೂರ್ತಿ ಎಳೆದು, ನೀರಿನ ಪೈಪು ಬದಲಿಸಿ, ಮಾಡು ರಿಪೇರಿ ಮಾಡಿದರೂ ಅದು ನವೀಕರಣವೇ. ಎರಡಕ್ಕೂ ಖರ್ಚಿನಲ್ಲಿ ಅಜಗಜಾಂತರ. ಫೋಟೋದಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಹಾಗಾಗಿ ಮಾಲೀಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಏನೇನು ಹೊಸದು?" ಅಲ್ಲ. "ಏನನ್ನು ಮುಟ್ಟಿಲ್ಲ?" ಎಂದು ಕೇಳಿ. ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಮಾಲೀಕರು ನಂಬಲು ಯೋಗ್ಯರು ಅನ್ನುವುದು ನನ್ನ ಅನಿಸಿಕೆ. ಕೆಲಸ ನಡೆಯುವಾಗ ತೆಗೆದ ಫೋಟೋ ಇದ್ದರೆ ತೋರಿಸಿ ಅನ್ನಿ. ಗೋಡೆ ಒಡೆದು ಪೈಪು, ವೈರು ಹಾಕಿದವರು ಸಾಮಾನ್ಯವಾಗಿ ಫೋಟೋ ಇಟ್ಟುಕೊಂಡಿರುತ್ತಾರೆ. ಮುಂದೆ ಮೊಳೆ ಹೊಡೆಯುವಾಗ ಅವರಿಗೇ ಬೇಕಾಗುತ್ತದೆ ಅಲ್ವಾ?

ರಿಪೇರಿ ಬೇರೆ, ಸುಧಾರಣೆ ಬೇರೆ ಎಂದು ಕಾನೂನೇ ಗೆರೆ ಎಳೆದ ದೇಶಗಳಿವೆ. ಜರ್ಮನಿಯಲ್ಲಿ ಹಾಳಾದದ್ದನ್ನು ಸರಿಪಡಿಸಿದ ಖರ್ಚಿಗಾಗಿ ಮಾಲೀಕರು ಬಾಡಿಗೆ ಏರಿಸುವಂತಿಲ್ಲ. ಶಾಖ ಉಳಿಸುವ ಕಿಟಕಿಯಂಥ ನಿಜವಾದ ಸುಧಾರಣೆ ಮಾಡಿದರೆ ಮಾತ್ರ, ಆ ಖರ್ಚಿನ 8 ಶೇಕಡಾದವರೆಗೆ ವಾರ್ಷಿಕ ಬಾಡಿಗೆಗೆ ಸೇರಿಸಬಹುದು. ಅದಕ್ಕೂ ಮೇಲ್ಮಿತಿ ಇದೆ. ನಿಮ್ಮಲ್ಲಿ ಇಂಥ ನಿಯಮ ಇರಲಿ, ಇಲ್ಲದಿರಲಿ, ಚೌಕಾಸಿಗೆ ಕೂತಾಗ ಈ ಲೆಕ್ಕ ತಲೆಯಲ್ಲಿರಲಿ. ಸೋರುತ್ತಿದ್ದ ಮಾಡನ್ನು ಸರಿಮಾಡಿದ್ದು ಮಾಲೀಕರ ಕರ್ತವ್ಯ. ಅದಕ್ಕೆ ನೀವು ಜಾಸ್ತಿ ಬಾಡಿಗೆ ಯಾಕೆ ಕೊಡಬೇಕು?

ಗೋಡೆಗೆ ಉಸಿರು ಕಟ್ಟಿದರೆ

ಗೋಡೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಳೆ ಮನೆಗಳ ಅರ್ಧ ತಾಪತ್ರಯ ಇಲ್ಲಿಂದಲೇ ಶುರು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಎಲ್ಲ ಕಡೆ ಬಳಕೆಗೆ ಬರಲು ಇನ್ನೂ ಎಷ್ಟೋ ದಶಕ ಹಿಡಿಯಿತು. ಅಲ್ಲಿಯವರೆಗೆ ಇಟ್ಟಿಗೆ, ಕಲ್ಲುಗಳನ್ನು ಜೋಡಿಸುತ್ತಿದ್ದದ್ದು ಹೆಚ್ಚಾಗಿ ಸುಣ್ಣದ ಗಾರೆಯಿಂದ. ಈ ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿರುತ್ತವೆ. ನೆಲದಿಂದಲೋ ಮಳೆಯಿಂದಲೋ ಗೋಡೆಗೆ ಸೇರಿದ ನೀರು ಆ ತೂತುಗಳ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಗೋಡೆ ನೆನೆಯುತ್ತದೆ, ಮತ್ತೆ ಒಣಗುತ್ತದೆ. ಹಳೆಯ ಎಷ್ಟೋ ಕಟ್ಟಡಗಳ ತಳಪಾಯದಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ. ಈ ಒಣಗುವ ಗುಣವೇ ಅವನ್ನು ಇಷ್ಟು ವರ್ಷ ಕಾಪಾಡಿದೆ.

ಅವಸರದ ನವೀಕರಣ ಕೆಡಿಸುವುದು ಈ ಏರ್ಪಾಟನ್ನೇ. ಉದುರುತ್ತಿದ್ದ ಸುಣ್ಣದ ಪ್ಲಾಸ್ಟರನ್ನು ಕೆತ್ತಿ ಸಿಮೆಂಟ್ ಮೆತ್ತುತ್ತಾರೆ. ಅದರ ಮೇಲೆ ನೀರು ಹೀರದ ಎಮಲ್ಷನ್ ಬಣ್ಣ. ನೀರು ಗೋಡೆಗೆ ಬರುವ ದಾರಿ ಮೊದಲಿನಂತೆಯೇ ತೆರೆದಿದೆ, ಹೋಗುವ ದಾರಿ ಮುಚ್ಚಿಹೋಯಿತು. ನೀರಿನ ಜತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತಾ ಪ್ಲಾಸ್ಟರನ್ನೇ ಮುಂದಕ್ಕೆ ತಳ್ಳುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದು, ಬಿಳಿ ಪುಡಿ ಉದುರಲು ಶುರುವಾಗುತ್ತದೆ. ಅಷ್ಟರಲ್ಲಿ ನೀವು ಮನೆಯಲ್ಲಿ ವಾಸವಾಗಿರುತ್ತೀರಿ. ಮಾಲೀಕರು ಅದನ್ನು ನಿಮ್ಮ ಬಳಕೆಯ ತಪ್ಪು ಎಂದೂ ಹೇಳಬಹುದು.

ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನ ಎತ್ತರಕ್ಕೆ ನಿಲ್ಲುತ್ತದೆ. ನೆಲಮಹಡಿಯ ಮನೆಯಾದರೆ ಕಣ್ಣು ಮೊದಲು ಅಲ್ಲಿಗೆ ಹೋಗಲಿ. ಕೆಳಗಿನ ಒಂದು ಮೀಟರಿಗೆ ಮಾತ್ರ ಹೊಸದಾಗಿ ಮರದ ಹಲಗೆಯನ್ನೋ ಟೈಲ್ಸನ್ನೋ ಹೊದಿಸಿದ್ದರೆ ಯಾಕೆ ಎಂದು ಕೇಳಿ. ಅದು ಅಲಂಕಾರವೂ ಇರಬಹುದು, ಮುಚ್ಚುಮರೆಯೂ ಇರಬಹುದು. ಗೋಡೆಗೆ ಒರಗಿಸಿದ ಕಪಾಟಿನ ಬಾಗಿಲು ತೆಗೆದು ಒಳಗಿನ ವಾಸನೆ ನೋಡಿ. ಬಣ್ಣದ ಹಸಿ ವಾಸನೆ ಮನೆಯೆಲ್ಲ ತುಂಬಿದ್ದರೂ ಮುಚ್ಚಿದ ಕಪಾಟಿನೊಳಗಿನ ಮುಗ್ಗಲು ವಾಸನೆ ಸುಳ್ಳು ಹೇಳುವುದಿಲ್ಲ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಮನೆ ನೋಡಲು ಹೋಗಿ.

ಬೂಷ್ಟಿನ ಕಥೆ ಇನ್ನೊಂದು. ಅದಕ್ಕೆ ನೆಲದ ನೀರೇ ಬೇಕಿಲ್ಲ. ನಾವು ಅಡುಗೆ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಬಟ್ಟೆ ಒಣಗಿಸುತ್ತೇವೆ. ಆ ಆವಿ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಗೋಡೆಯ ಮೇಲ್ಮೈಯಲ್ಲಿ ತೇವಾಂಶ ದಿನಗಟ್ಟಲೆ 80 ಶೇಕಡಾ ಮೀರಿದರೆ ಬೂಷ್ಟು ಹಿಡಿಯುತ್ತದೆ. ಹಳೆ ಮರದ ಕಿಟಕಿಗಳಲ್ಲಿ ಸಂದು ಇರುತ್ತಿತ್ತು, ಗಾಳಿ ಆಡುತ್ತಿತ್ತು. ಈಗ ಬಿಗಿಯಾಗಿ ಮುಚ್ಚುವ ಹೊಸ ಕಿಟಕಿ ಹಾಕಿದ್ದಾರೆ, ಗಾಳಿಗೆ ಬೇರೆ ದಾರಿ ಬಿಟ್ಟಿಲ್ಲ ಅಂದುಕೊಳ್ಳಿ. ಬೂಷ್ಟು ಖಚಿತ. ಒಂದು ಬೆಡ್‌ರೂಮಿನ ಮನೆಯಲ್ಲಿ ಬಾತ್‌ರೂಮಿಗೆ ಕಿಟಕಿ ಇಲ್ಲದಿರುವುದು ಮಾಮೂಲಿ. ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ತೆಳು ಕಾಗದ ಹಿಡಿದು ನೋಡಿ. ಕಾಗದ ಫ್ಯಾನಿಗೆ ಅಂಟಿಕೊಳ್ಳಬೇಕು. ಬಿದ್ದುಹೋದರೆ ಆ ಫ್ಯಾನು ಸುಮ್ನೆ ಸದ್ದು ಮಾಡುತ್ತಿದೆ ಅಷ್ಟೇ.

ಹಳೆ ಬಣ್ಣದ ಪದರಗಳ ಬಗ್ಗೆ ಒಂದು ಮಾತು. ಒಂದು ಕಾಲದಲ್ಲಿ ಬಣ್ಣಕ್ಕೆ ಸೀಸ ಬೆರೆಸುವುದು ರೂಢಿಯಾಗಿತ್ತು. ಅಮೆರಿಕ ಮನೆಗಳ ಬಣ್ಣದಲ್ಲಿ ಅದನ್ನು 1978ರಲ್ಲಿ ನಿಷೇಧಿಸಿತು. ಅದಕ್ಕೂ ಹಳೆಯ ಮನೆಯನ್ನು ಬಾಡಿಗೆಗೆ ಕೊಡುವಾಗ, ಸೀಸದ ಬಣ್ಣ ಇರುವುದು ಗೊತ್ತಿದ್ದರೆ ಬಾಡಿಗೆದಾರರಿಗೆ ಹೇಳಲೇಬೇಕು ಎಂಬ ಕಾನೂನೂ ಅಲ್ಲಿದೆ. ಈಗ ಹಲವು ದೇಶಗಳಲ್ಲಿ ಹೊಸ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗದ ಮಿತಿ ಇದೆ. ಹಳೆ ಪದರ ಗಟ್ಟಿಯಾಗಿ ಅಂಟಿಕೊಂಡಿದ್ದು, ಮೇಲೆ ಹೊಸ ಬಣ್ಣ ಇದ್ದರೆ ಅಪಾಯ ಕಡಿಮೆ. ತೊಂದರೆ ಇರುವುದು ಅದು ಪುಡಿಯಾದಾಗ. ಕಿಟಕಿ ಎಳೆದು ಮುಚ್ಚುವಾಗ ಚೌಕಟ್ಟು ಉಜ್ಜುವ ಜಾಗ, ಬಾಗಿಲಿನ ಅಂಚು ಇಂಥ ಕಡೆ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳೂ ಅಷ್ಟೇ. ಬ್ರಿಟನ್ 1999ರಲ್ಲಿ, ಯುರೋಪಿಯನ್ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಆದರೆ ಹಳೆ ಕಟ್ಟಡಗಳಲ್ಲಿ ಅದು ಈಗಲೂ ಕೂತಿದೆ. ಏನೆಂದು ಗೊತ್ತಿಲ್ಲದ ಹಳೆ ಶೀಟಿಗೆ ನೀವಾಗಿಯೇ ಡ್ರಿಲ್ ಹಾಕಲು ಹೋಗಬೇಡಿ.

ಕರೆಂಟು, ನೀರು

ಕರೆಂಟಿನ ವಿಷಯದಲ್ಲಿ ಹೊಸ ಸ್ವಿಚ್ ನೋಡಿ ಮೋಸ ಹೋಗುವುದು ಸುಲಭ. ಸ್ವಿಚ್ ಬದಲಿಸಲು ಅರ್ಧ ದಿನ ಸಾಕು, ಗೋಡೆಯೊಳಗಿನ ವೈರಿಗೆ ಮನೆಯನ್ನೇ ಕೆತ್ತಬೇಕು. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್) ಬೋರ್ಡ್ ತೆರೆದು ನೋಡಿ. ಅಡುಗೆಮನೆ, ಗೀಸರು, ಎಸಿಗೆ ಬೇರೆ ಬೇರೆ ಎಂಸಿಬಿ ಇವೆಯೇ? ಕರೆಂಟು ಸೋರಿದರೆ ಲೈನನ್ನೇ ಕಡಿಯುವ ಆರ್‌ಸಿಸಿಬಿ ಇದೆಯೇ? ಜನರನ್ನು ಶಾಕ್‌ನಿಂದ ಕಾಪಾಡಲು ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನದ್ದಾಗಿರುತ್ತದೆ. ಅದರ ಮೇಲೆ ಒಂದು ಟೆಸ್ಟ್ ಗುಂಡಿ ಇದೆ. ಮಾಲೀಕರ ಎದುರೇ ಒತ್ತಿಸಿ. ತಕ್ಷಣ ಕರೆಂಟು ಹೋಗಬೇಕು.

ಇನ್ನೊಂದು ಸಣ್ಣ ಲೆಕ್ಕ. 230 ವೋಲ್ಟ್ ಇರುವ ಕಡೆ 2 ಕಿಲೋವಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇಂಡಕ್ಷನ್ ಒಲೆಯೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಒಂದು ಎಸಿ. ಮೂರೂ ಒಟ್ಟಿಗೆ ಓಡಿದರೆ 25 ಆಂಪಿಯರ್ ಹತ್ತಿರ. ದೀಪ, ಫ್ಯಾನು, ರೇಡಿಯೋ ಮಾತ್ರ ಇದ್ದ ಕಾಲದಲ್ಲಿ ಕಟ್ಟಡಕ್ಕೆ ಎಳೆದ ಮುಖ್ಯ ಲೈನು ಇದಕ್ಕೆ ತಯಾರಾಗಿಲ್ಲ. ನಿಮ್ಮ ಮನೆಯ ವೈರು ಹೊಸದಾದರೂ ಮೆಟ್ಟಿಲ ಕೆಳಗಿನ ಮೀಟರಿನಿಂದ ಮನೆವರೆಗಿನ ವೈರು ಯಾವ ಕಾಲದ್ದು ಎಂದು ಕೇಳಿ.

ನೀರಿನ ಪರೀಕ್ಷೆ ಸುಲಭ. ಅಡುಗೆಮನೆ ನಲ್ಲಿ, ಶವರ್ ಎರಡನ್ನೂ ಒಟ್ಟಿಗೆ ಬಿಡಿ. ಆಮೇಲೆ ಫ್ಲಶ್ ಮಾಡಿ. ಶವರಿನ ನೀರು ದಾರದಷ್ಟು ಆಗಿಬಿಟ್ಟರೆ ಕಟ್ಟಡದ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೇಲೆ ಅನುಮಾನ ಪಡಬಹುದು. ಇವು ಒಳಗಿನಿಂದ ತುಕ್ಕು ಹಿಡಿಯುತ್ತಾ ಹೋಗುತ್ತವೆ. ಹೊರಗೆ ಒಂದು ಇಂಚಿನ ಪೈಪು, ಒಳಗೆ ನೀರು ಹರಿಯಲು ಪೆನ್ಸಿಲ್ಲಿನಷ್ಟು ಜಾಗ. ಬಹಳ ದಿನ ಮುಚ್ಚಿದ್ದ ಮನೆಯ ನಲ್ಲಿಯಲ್ಲಿ ಮೊದಲು ಕಂದು ನೀರು ಬರುವುದೂ ಇದರಿಂದಲೇ.

ಖಾಲಿ ಮನೆಯ ಬಾತ್‌ರೂಮಿನಲ್ಲಿ ಚರಂಡಿ ವಾಸನೆ ಬಂದರೆ ಗಾಬರಿ ಬೇಡ. ಜಾಲಿಯ ಕೆಳಗೆ ಬಾಗಿದ ಕೊಳವೆಯಲ್ಲಿ 5 ಸೆಂ.ಮೀ.ನಷ್ಟು ನೀರು ನಿಂತು ವಾಸನೆ ತಡೆಯುತ್ತದೆ. ಬಳಸದೆ ಬಿಟ್ಟರೆ ಅದು ಒಣಗುತ್ತದೆ. ಒಂದು ಬಕೆಟ್ ನೀರು ಸುರಿದು ಸ್ವಲ್ಪ ಹೊತ್ತು ಕಾಯಿರಿ. ಆಮೇಲೂ ವಾಸನೆ ಹೋಗದಿದ್ದರೆ ಅದು ಬೇರೆ ರೋಗ.

ದೊಡ್ಡ ಮನೆ ಹೋಳಾದಾಗ

ಹಳೆಯ ಬಡಾವಣೆಗಳಲ್ಲಿ ಒಂದು ಬೆಡ್‌ರೂಮಿನ ಮನೆಗಳು ಹುಟ್ಟಿನಿಂದಲೇ ಹಾಗಿದ್ದದ್ದು ಕಡಿಮೆ. ಕೂಡುಕುಟುಂಬವೋ ವ್ಯಾಪಾರಿಯೋ ಇದ್ದ ದೊಡ್ಡ ಮನೆಯನ್ನು ಮೂರು ನಾಲ್ಕು ಹೋಳು ಮಾಡಿರುತ್ತಾರೆ. ಅದರ ಗುರುತು ಮನೆಯ ತುಂಬ ಸಿಗುತ್ತದೆ. ತಲೆ ಎತ್ತಿ ನೋಡಿ. ಸೂರಿನ ಅಂಚಿನ ಅಲಂಕಾರದ ಪಟ್ಟಿ ಮೂರು ಗೋಡೆಗಳ ಮೇಲೆ ಓಡಿ, ನಾಲ್ಕನೆಯದರ ಹತ್ತಿರ ಕತ್ತರಿಸಿದಂತೆ ನಿಂತಿದ್ದರೆ ಆ ನಾಲ್ಕನೆಯ ಗೋಡೆ ಆಮೇಲೆ ಬಂದದ್ದು. ಆಚೆ ಪಕ್ಕದವರ ಮನೆ ಇದೆ.

ಈಗ ಸದ್ದಿನ ಲೆಕ್ಕ. ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಮುಖ್ಯವಾಗಿ ತೂಕ. 45 ಸೆಂ.ಮೀ. ದಪ್ಪದ ಇಟ್ಟಿಗೆ ಗೋಡೆ ಒಂದು ಚದರ ಮೀಟರಿಗೆ 800 ಕೆ.ಜಿ. ತೂಗುತ್ತದೆ. ಎರಡು ಬದಿಗೂ ಒಂದೊಂದು ಜಿಪ್ಸಮ್ ಬೋರ್ಡ್ ಹೊಡೆದ ತೆಳು ಗೋಡೆ 25 ಕೆ.ಜಿ. ಇದ್ದರೆ ಹೆಚ್ಚು. ಹಾಗಾಗಿಯೇ ಬೀದಿ ಕಡೆಯ ಹಳೆ ಗೋಡೆ ಗಟ್ಟಿಯಾಗಿ ಸದ್ದು ತಡೆಯುತ್ತದೆ, ಪಕ್ಕದವರ ಫೋನ್ ಮಾತು ಮಾತ್ರ ಪದಪದವಾಗಿ ಕೇಳುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರುವ ಗೋಡೆಯ ಪಕ್ಕ ಮಂಚ ಹಾಕುವ ಯೋಜನೆ ಇದ್ದರೆ ಇನ್ನೊಮ್ಮೆ ಯೋಚಿಸಿ. ಮೇಲಿನ ಮಹಡಿಗೆ ಮರದ ನೆಲವಿದ್ದರೆ ಹೆಜ್ಜೆ ಸದ್ದು ನೇರ ತಲೆಯ ಮೇಲೆ. ಹೆಜ್ಜೆಯ ಸದ್ದು ತೊಲೆಗಳ ಮೂಲಕವೇ ಇಳಿಯುತ್ತದೆ, ಕೆಳಗಿನಿಂದ ಏನೇ ಹೊದಿಸಿದರೂ ಅಷ್ಟಕ್ಕಷ್ಟೇ. ಮಧ್ಯಾಹ್ನ ಮನೆ ನೋಡಿದವರು ರಾತ್ರಿ ಎಂಟರ ಮೇಲೆ ಇನ್ನೊಮ್ಮೆ ಹೋಗಬೇಕು. ಎಲ್ಲರೂ ಮನೆಗೆ ಬಂದಿರುವ ಹೊತ್ತು ಅದು.

ಬಾತ್‌ರೂಮಿಗೆ ಹೋಗಲು ಒಂದು ಮೆಟ್ಟಿಲು ಹತ್ತಬೇಕೇ? ಇದು ನನಗೆ ಬಹಳ ಇಷ್ಟವಾದ ಸುಳಿವು. ಹೋಳು ಮಾಡಿದ ಮನೆಯಲ್ಲಿ ಹೊಸ ಟಾಯ್ಲೆಟ್ಟು ಕಟ್ಟಡದ ಮುಖ್ಯ ಚರಂಡಿ ಕೊಳವೆಯಿಂದ ದೂರ ಬೀಳುತ್ತದೆ. 10 ಸೆಂ.ಮೀ. ಕೊಳವೆಗೆ ಸುಮಾರು 40ಕ್ಕೆ 1ರಷ್ಟು ಇಳಿಜಾರು ಕೊಟ್ಟರೆ, ಮೂರು ಮೀಟರ್ ದೂರಕ್ಕೆ ಏಳೂವರೆ ಸೆಂ.ಮೀ. ಇಳಿಯಬೇಕು. ಕೊಳವೆಯ ದಪ್ಪ ಸೇರಿ 17, 18 ಸೆಂ.ಮೀ. ಆಯಿತು. ಹಳೆ ನೆಲವನ್ನು ಕೊರೆಯಲಾಗದೆ ಬಾತ್‌ರೂಮಿನ ನೆಲವನ್ನೇ ಎತ್ತಿರುತ್ತಾರೆ. ಮೆಟ್ಟಿಲು ಇರುವುದು ಒಳ್ಳೆಯ ಲಕ್ಷಣ, ಯಾರೋ ಲೆಕ್ಕ ಹಾಕಿ ಕೆಲಸ ಮಾಡಿದ್ದಾರೆ. ಕೊಳವೆ ದೂರದಲ್ಲಿದ್ದೂ ನೆಲ ಸಮವಾಗಿದ್ದರೆ ಇಳಿಜಾರು ಎಲ್ಲಿಂದ ಬಂತು ಎಂದು ಕೇಳಬೇಕು. ಎರಡು ಮೂರು ಸಲ ಫ್ಲಶ್ ಮಾಡಿ, ನೀರು ಸರಾಗವಾಗಿ ಹೋಗುತ್ತದೆಯೇ ನೋಡಿ.

ಹೋಳಾದ ಮನೆಯಲ್ಲಿ ಬೆಡ್‌ರೂಮಿಗೆ ನಿಜವಾದ ಕಿಟಕಿ ಇರದಿರುವ ಸಾಧ್ಯತೆಯೂ ಇದೆ. ಪಕ್ಕದ ಕೋಣೆಗೆ ತೆರೆದುಕೊಳ್ಳುವ ಗಾಜು ಕಿಟಕಿಯಲ್ಲ. ಬೆಂಕಿ ಬಿದ್ದರೆ ಹೊರಗೆ ಹೋಗಲು ಎಷ್ಟು ದಾರಿ ಎಂದು ಎಣಿಸಿಕೊಳ್ಳಿ. ಇಡೀ ಕಟ್ಟಡಕ್ಕೆ ಒಂದೇ ಮರದ ಮೆಟ್ಟಿಲಿದ್ದು, ಅದರ ಮೇಲೆ ಎಲ್ಲರ ಸೈಕಲ್ಲು, ಹಳೆ ಪೆಟ್ಟಿಗೆ ತುಂಬಿದ್ದರೆ ನಾನಂತೂ ಆ ಮನೆ ಬೇಡ ಅನ್ನುತ್ತೇನೆ.

ಹಳೆಯದರ ಒಳ್ಳೆಯ ಗುಣಗಳನ್ನೂ ಹೇಳಬೇಕಲ್ಲ. ದಪ್ಪ ಗೋಡೆ ಹಗಲಿನ ಬಿಸಿಲನ್ನು ಒಳಗೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಬಿಸಿಲ ಹೊತ್ತಿನಲ್ಲಿ ಒಳಗೆ ತಂಪು. ಎತ್ತರದ ಸೂರಿನ ಕೆಳಗೆ ಸಣ್ಣ ಮನೆಯೂ ಇಕ್ಕಟ್ಟು ಅನಿಸುವುದಿಲ್ಲ. ಆದರೆ 2.7 ಮೀಟರ್ ಬದಲು 3.6 ಮೀಟರ್ ಎತ್ತರ ಇದ್ದರೆ ತಂಪು ಮಾಡಬೇಕಾದ ಅಥವಾ ಬಿಸಿ ಮಾಡಬೇಕಾದ ಗಾಳಿ ಮೂರನೇ ಒಂದರಷ್ಟು ಜಾಸ್ತಿ. ಕರೆಂಟ್ ಬಿಲ್ಲಿನಲ್ಲಿ ಅದು ಕಾಣುತ್ತದೆ. ಹಿಂದೆ ಇದ್ದವರ ಬಿಲ್ ಕೇಳಿ ನೋಡುವುದು ಒಳ್ಳೆಯದು.

ಕಿಟಕಿಯೂ ಊರಿನ ಆಸ್ತಿ

ಹಳೆ ಬಡಾವಣೆಗಳನ್ನು ಇಡಿಯಾಗಿ ಉಳಿಸಬೇಕು ಎಂಬ ಕಾನೂನುಗಳಿಗೆ ಜೋರು ಬಂದದ್ದು 1960ರ ದಶಕದಲ್ಲಿ. ಫ್ರಾನ್ಸ್ 1962ರಲ್ಲಿ ಸಂರಕ್ಷಿತ ವಲಯಗಳ ಕಾನೂನು ಮಾಡಿತು. ಹಳೆ ಸ್ಮಾರಕಗಳನ್ನು ಹೇಗೆ ಉಳಿಸಬೇಕು ಎಂದು ಹೇಳುವ ಅಂತರರಾಷ್ಟ್ರೀಯ ವೆನಿಸ್ ಸನ್ನದು 1964ರಲ್ಲಿ ಬಂತು. ನ್ಯೂಯಾರ್ಕ್ ನಗರ 1965ರಲ್ಲಿ, ಬ್ರಿಟನ್ 1967ರಲ್ಲಿ ತಮ್ಮ ತಮ್ಮ ನಿಯಮ ತಂದವು. ಎರಡನೇ ಮಹಾಯುದ್ಧದ ನಂತರ ಹಳೆ ಬೀದಿಗಳನ್ನು ಕೆಡವಿ ಅಗಲ ರಸ್ತೆ, ಎತ್ತರದ ಕಟ್ಟಡ ಕಟ್ಟುವ ಹುಮ್ಮಸ್ಸು ಕಂಡು ಜನ ಎಚ್ಚೆತ್ತ ಕಾಲ ಅದು.

ಬಾಡಿಗೆದಾರರಿಗೆ ಇದರಿಂದ ಏನಾಗಬೇಕು? ಬಹಳ ಇದೆ. ಹೊರಗೋಡೆಗೆ ಎಸಿಯ ಪೆಟ್ಟಿಗೆ ತೂಗುಹಾಕುವುದು, ಕಿಟಕಿ ಬದಲಿಸುವುದು, ಡಿಶ್ ಆಂಟೆನಾ, ಬಾಲ್ಕನಿಗೆ ಗ್ರಿಲ್ ಇಂಥದಕ್ಕೆಲ್ಲ ಅನುಮತಿ ಬೇಕಾಗಬಹುದು. ಕೆಲವು ಕಡೆ ಒಳಗಿನ ಹಳೆ ಬಾಗಿಲು, ಮೆಟ್ಟಿಲ ಕಟಕಟೆಗೂ ರಕ್ಷಣೆ ಇರುತ್ತದೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಕಟ್ಟಡದ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸಿದರೆ ಅದು ಅಪರಾಧ. ಹಾಗಾಗಿ "ಎಸಿ ಆಮೇಲೆ ಹಾಕಿಕೊಳ್ಳಬಹುದು ಬಿಡಿ" ಎಂಬ ಬಾಯಿಮಾತನ್ನು ನಂಬಿ ಮುಂಗಡ ಕೊಡಬೇಡಿ. ಹಾಕಬಹುದೇ, ಎಲ್ಲಿ, ಅನುಮತಿ ಯಾರು ತರುತ್ತಾರೆ ಇಷ್ಟೂ ಕರಾರಿನಲ್ಲಿ ಇರಲಿ.

ಇಂಥ ಬಡಾವಣೆಗಳ ಬಾಡಿಗೆ ಏರುವ ರೀತಿಯೂ ಬೇರೆ. ಲಂಡನ್ನಿನ ಹಳೆ ಕಾರ್ಮಿಕ ಬೀದಿಗಳ ಮನೆಗಳನ್ನು ಅನುಕೂಲಸ್ಥರು ಕೊಂಡು ಸರಿಪಡಿಸುತ್ತಾ ಹೋದಂತೆ ಮೊದಲಿದ್ದವರು ಜಾಗ ಖಾಲಿ ಮಾಡಬೇಕಾದದ್ದನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲೇ ಬರೆದರು. ಈಗ ಅದಕ್ಕೆ ಪ್ರವಾಸಿಗರ ಬಾಡಿಗೆಯೂ ಸೇರಿದೆ. ಪ್ರವಾಸಿಗರಿಗೆ ಮನೆ ಕೊಡುವ ಪರವಾನಗಿಗಳನ್ನು 2028ರ ಹೊತ್ತಿಗೆ ಪೂರ್ತಿ ನಿಲ್ಲಿಸುವುದಾಗಿ ಬಾರ್ಸಿಲೋನಾ ನಗರ 2024ರಲ್ಲಿ ಘೋಷಿಸಿತು. ನೀವು ನೋಡುವ ಕಟ್ಟಡದಲ್ಲಿ ಎಷ್ಟು ಮನೆಗಳಿಗೆ ಬಾಗಿಲಲ್ಲಿ ನಂಬರಿನ ಬೀಗವಿದೆ ನೋಡಿ. ಅರ್ಧದಷ್ಟಿದ್ದರೆ ರಾತ್ರಿ ಹೊತ್ತು ಸೂಟ್‌ಕೇಸಿನ ಗಾಲಿ ಸದ್ದಿಗೆ ತಯಾರಾಗಿ. ಮಾಲೀಕರಿಗೆ ನಾಳೆ ನಿಮ್ಮ ಮನೆಯನ್ನೂ ಹಾಗೇ ಕೊಡುವ ಆಸೆ ಬರಬಹುದು ಎಂಬುದೂ ನೆನಪಿರಲಿ.

ಸಾಮಾನು ಸಾಗಿಸುವ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದು. ಲಾರಿ ಬೀದಿಗೆ ಬರುತ್ತದೆಯೇ? ಮೆಟ್ಟಿಲ ತಿರುವಿನಲ್ಲಿ ಮಂಚ, ಫ್ರಿಜ್ಜು ತಿರುಗುತ್ತವೆಯೇ? ಟೇಪು ಹಿಡಿದು ಅಳೆಯಿರಿ.

ಕರಾರಿನಲ್ಲಿ ಏನಿರಬೇಕು

ಕೀಲಿ ತೆಗೆದುಕೊಳ್ಳುವ ದಿನವೇ ಪ್ರತಿ ಗೋಡೆಯ, ನೆಲದ, ಬಾತ್‌ರೂಮಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ತಾರೀಖಿನ ಸಮೇತ. ಹೊಸದಾಗಿ ನವೀಕರಿಸಿದ ಮನೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ "ಎಲ್ಲವೂ ಹೊಸದಾಗಿತ್ತು" ಎಂಬ ಮಾತು ಖಾಲಿ ಮಾಡುವಾಗ ನಿಮ್ಮ ಮುಂಗಡದ ಮೇಲೆ ಬೀಳುತ್ತದೆ. ಬಿರುಕುಗಳಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಕೂದಲೆಳೆಯಂಥ ಬಿರುಕು ಹೊಸ ಪ್ಲಾಸ್ಟರ್ ಒಣಗುವಾಗ ಬರುವಂಥದ್ದು. ಮೆಟ್ಟಿಲು ಮೆಟ್ಟಿಲಾಗಿ ಓಡುವ, 5 ಮಿ.ಮೀ. ದಾಟಿದ ಬಿರುಕನ್ನು ಗೊತ್ತಿರುವವರಿಗೆ ತೋರಿಸದೆ ಸಹಿ ಹಾಕಬಾರದು.

ರಿಪೇರಿ ಯಾರದು ಎಂಬುದನ್ನು ಎರಡು ಭಾಗ ಮಾಡಿ ಬರೆಸಿ: ಮನೆಯೊಳಗಿನದು ಮತ್ತು ಕಟ್ಟಡಕ್ಕೆ ಸೇರಿದ್ದು. ಮಾಡು, ಹೊರಗೋಡೆ, ಮುಖ್ಯ ಪೈಪು, ಮೆಟ್ಟಿಲು ಇವು ಎರಡನೆಯದು. ಇವುಗಳ ಮೇಲೆ ಒಮ್ಮೊಮ್ಮೆ ನಿಮ್ಮ ಮಾಲೀಕರಿಗೂ ಹಿಡಿತ ಇರುವುದಿಲ್ಲ, ಉಳಿದ ಮಾಲೀಕರೂ ಒಪ್ಪಬೇಕು. ಹತ್ತಿರದಲ್ಲೇ ಕಟ್ಟಡದ ಮುಂಭಾಗಕ್ಕೆ ಸಾರುವೆ ಕಟ್ಟಿ ಕೆಲಸ ಮಾಡುವ ಯೋಜನೆ ಇದೆಯೇ ಎಂದು ಕೇಳಿ. ಇದ್ದರೆ ತಿಂಗಳುಗಟ್ಟಲೆ ಕಿಟಕಿಗೆ ಬಲೆ, ಮನೆಗೆ ಧೂಳು. ಆ ತಿಂಗಳುಗಳಿಗೆ ಬಾಡಿಗೆ ಕಡಿಮೆ ಮಾಡಿ ಎಂದು ಮುಂಚೆಯೇ ಕೇಳುವುದರಲ್ಲಿ ತಪ್ಪೇನಿಲ್ಲ.

ಗೋಡೆಯೊಳಗೆ ಏನಿದೆ ಎಂಬುದಕ್ಕೆ ಮಾಲೀಕರ ಹತ್ತಿರ ಫೋಟೋವೂ ಇಲ್ಲ, ಬಿಲ್ಲೂ ಇಲ್ಲ, ಮನೆ ಮಾತ್ರ ನಿಮಗೆ ತುಂಬ ಹಿಡಿಸಿದೆ ಅಂತಾದರೆ ಉದ್ದ ಅವಧಿಯ ಕರಾರಿಗೆ ಹೋಗಬೇಡಿ. ತೇವ, ಸೋರಿಕೆ ಕಂಡರೆ ಇಷ್ಟು ದಿನದೊಳಗೆ ಸರಿಪಡಿಸಬೇಕು, ಆಗದಿದ್ದರೆ ಒಂದು ತಿಂಗಳ ನೋಟಿಸಿನಲ್ಲಿ ಪೂರ್ತಿ ಮುಂಗಡ ವಾಪಸು ಪಡೆದು ಖಾಲಿ ಮಾಡಬಹುದು ಎಂದು ಒಂದು ಸಾಲು ಸೇರಿಸಿ. ಗೋಡೆಯ ಮೇಲೆ ನಂಬಿಕೆ ಇರುವ ಮಾಲೀಕರು ಆ ಸಾಲಿಗೆ ತಕರಾರು ತೆಗೆಯುವುದು ಕಡಿಮೆ.